ಹೊಸ ವರ್ಷದ ಬಜೆಟ್: ಕೈಯಲ್ಲಿರೋ ದುಡ್ಡಲ್ಲಿ ಕಾಲೇಜಿಗೆ ಮೊದಲು ಏನು ಮಾಡಿಸೋದು?

ಮಲೆನಾಡು_ಹಳೇವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜು. ಹೆಸರು ಬೇಡ ಬಿಡಿ. ನಾನು ಅಲ್ಲಿನ ಹಳೇ ವಿದ್ಯಾರ್ಥಿ ಸಂಘದ ಖಜಾಂಚಿ. ಏಪ್ರಿಲ್‌ನಿಂದ ಶುರುವಾಗೋ ವರ್ಷದ ಬಜೆಟ್ ಸಭೆಗೆ ಈ ಸಲ ಸಂಘದವರನ್ನೂ ಕರೆದಿದ್ದಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪರಿಸ್ಥಿತಿ ಹೀಗಿದೆ. ಮಂಜೂರಾದ ಹುದ್ದೆಯಲ್ಲಿರೋ ಅಧ್ಯಾಪಕರ ಸಂಬಳ ಸರ್ಕಾರದಿಂದ ಬರುತ್ತೆ. ಅವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಖಾಲಿ ಜಾಗ ತುಂಬೋಕೆ ಅನುಮತಿ ಬರೋದು ಯಾವಾಗಲೋ. ಅಲ್ಲಿಯವರೆಗೆ ಆಡಳಿತ ಮಂಡಳಿ ತನ್ನ ಕೈಯಿಂದ ಸಂಬಳ ಕೊಟ್ಟು ಪಾಠ ನಡೆಸಬೇಕು. ಇತ್ತ ದಾಖಲಾತಿ ಇಳಿದಿದೆ. ಬಿಎ ತರಗತಿ ಖಾಲಿ ಹೊಡೀತಿದೆ, ಬಿಕಾಂ ಮತ್ತು ಬಿಸಿಎ ಮಾತ್ರ ಕಾಲೇಜನ್ನು ನಡೆಸುತ್ತಿವೆ. ಊರಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಅಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹುಡುಗಿಯರು ನೇರ ಶಿವಮೊಗ್ಗಕ್ಕೇ ಹೋಗಿ ಓದುತ್ತಾರೆ. ಅವರಿಗೆ ಒಳ್ಳೆಯದಾಯ್ತು. ನಮ್ಮ ಶುಲ್ಕದ ಲೆಕ್ಕ ಮಾತ್ರ ಇಳೀತು.

ಹೊಸ ವರ್ಷಕ್ಕೆ ಮಂಡಳಿಯವರ ಪಟ್ಟಿ: ಗೇಟಿಗೆ ಸ್ವಾಗತ ಕಮಾನು, ಎರಡು ಸ್ಮಾರ್ಟ್ ಕ್ಲಾಸ್, ಮುಂಭಾಗಕ್ಕೆ ಬಣ್ಣ, ಬಯಲು ರಂಗಮಂದಿರಕ್ಕೆ ಶೀಟಿನ ಚಾವಣಿ.

ಸಭೆಗೆ ಮುಂಚೆ ನಾನೊಂದು ಸುತ್ತು ಹಾಕಿ ಬಂದೆ. ಲೈಬ್ರರಿ ಹಳೇ ಹಂಚಿನ ಕಟ್ಟಡ. ಹೋದ ಮಳೆಗಾಲದಲ್ಲಿ ರೆಫರೆನ್ಸ್ ಕಪಾಟಿನ ಮೇಲೆ ಹೊದಿಸಿದ ನೀಲಿ ಟಾರ್ಪಾಲ್ ಇನ್ನೂ ತೆಗೆದಿಲ್ಲ. ಕೆಳಗೆ ಸೋರಿದ ನೀರು ಹಿಡಿಯೋಕೆ ಇಟ್ಟ ಪೇಂಟ್ ಡಬ್ಬ ಹಾಗೇ ಇದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನಾಲ್ಕು ಬಾಗಿಲು. ಎರಡಕ್ಕೆ ಚಿಲಕ ಇಲ್ಲ, ಒಂದರೊಳಗೆ ಮುರಿದ ಡೆಸ್ಕು ತುಂಬಿ ಹೊರಗೆ ಬೀಗ. ಅಂದರೆ ನೆಟ್ಟಗಿರೋದು ಒಂದೇ.

ಸಂಘದ ಖಾತೆಯಲ್ಲಿ ಸುಮಾರು 8 ಲಕ್ಷ ಇದೆ. ಮಂಡಳಿಯವರು ಇದನ್ನು ಕಮಾನು ಮತ್ತು ಸ್ಮಾರ್ಟ್ ಕ್ಲಾಸಿಗೆ ಕೇಳುತ್ತಿದ್ದಾರೆ. ನನ್ನ ಮನಸ್ಸು ಬೇರೆ ಕಡೆ ಇದೆ. ಆದರೆ ಸಭೆಯಲ್ಲಿ ಸುಮ್ನೆ ಕೂಗಾಡಿ ಬರೋ ಬದಲು ಲೆಕ್ಕ ಹಿಡಿದು ಮಾತಾಡಬೇಕು ಅಂತ. ಈ ಕೆಲಸ ಗೊತ್ತಿರೋರು ಹೇಳಿ.

ಬಿಕಾಂ_ಮೇಷ್ಟ್ರು

ನಿಮ್ಮ ಪಟ್ಟಿ ನೋಡಿ ನಗು ಬಂತು ಸರ್, ನಮ್ಮ ಕಾಲೇಜಿನದ್ದೇ ಕಾಪಿ ಹೊಡೆದ ಹಾಗಿದೆ.

ಒಂದು ವಿಷಯ ಮೊದಲು ಬೇರೆ ಮಾಡಿಕೊಳ್ಳಿ. ಒಂದು ಸಲ ಖರ್ಚು ಮಾಡಿದರೆ ಮುಗಿಯೋದು ಬೇರೆ, ತಿಂಗಳು ತಿಂಗಳು ಖರ್ಚು ಬೀಳೋದು ಬೇರೆ. ಮೊದಲನೆಯದಕ್ಕೆ ಹೇಗೋ ದುಡ್ಡು ಹುಟ್ಟುತ್ತೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಉನ್ನತ ಶಿಕ್ಷಣಕ್ಕೆ ದುಡ್ಡು ಕೊಡೋ ಕೇಂದ್ರದ ಪಿಎಂ-ಉಷಾ ಯೋಜನೆಯಲ್ಲಿ 2025-26ರವರೆಗಿನ ಅವಧಿಗೆ, ಆಯ್ಕೆಯಾದ ಕಾಲೇಜಿಗೆ 5 ಕೋಟಿವರೆಗೆ ಇಟ್ಟಿದ್ದರು, ನಮ್ಮ ರಾಜ್ಯದ ಲೆಕ್ಕದಲ್ಲಿ ಕೇಂದ್ರ 60 ರಾಜ್ಯ 40. ಇದೇ ಯೋಜನೆ 2013ರಲ್ಲಿ ರೂಸಾ ಅಂತ ಶುರುವಾಗಿದ್ದು, 2023ರಲ್ಲಿ ಹೆಸರು ಬದಲಾಯಿತು. ಇವೆಲ್ಲ ಕಟ್ಟೋದಕ್ಕೆ, ಕೊಳ್ಳೋದಕ್ಕೆ. ಕಟ್ಟಿದ್ದನ್ನು ಗುಡಿಸೋಕೆ, ನಲ್ಲಿ ಕೆಟ್ಟರೆ ವಾಷರ್ ಹಾಕಿಸೋಕೆ ಯಾರೂ ಒಂದು ರೂಪಾಯಿ ಕೊಡೋದಿಲ್ಲ.

ಹಾಗಾಗಿ ಸಂಘದ ದುಡ್ಡು ಯಾರೂ ಕೊಡದೇ ಇರೋ ಕೆಲಸಕ್ಕೆ ಹೋಗಲಿ. ಕಮಾನಿಗೆ ದಾನಿ ಸಿಗ್ತಾರೆ. ಶೌಚಾಲಯದ ಪಿಟ್ ಕ್ಲೀನ್ ಮಾಡಿಸೋಕೆ ಯಾರೂ ಸಿಗೋದಿಲ್ಲ.

ನಿವೃತ್ತ_ಪ್ರಾಂಶುಪಾಲ

ಸ್ವಲ್ಪ ಆಡಳಿತ ಮಂಡಳಿ ಪರವಾಗಿಯೂ ಮಾತಾಡ್ತೇನೆ. ಬೈಬೇಡಿ.

ಮೇ, ಜೂನ್‌ನಲ್ಲಿ ಅಪ್ಪ ಅಮ್ಮ ಮಗಳನ್ನು ಕರಕೊಂಡು ಕಾಲೇಜು ನೋಡೋಕೆ ಬರ್ತಾರೆ. ಅವರು ನೋಡೋದು ಗೇಟು, ಆಫೀಸು, ಒಂದು ತರಗತಿ, ಅಷ್ಟೆ. ಸುಣ್ಣ ಬಣ್ಣ ಕಾಣದ ಗೋಡೆ ಕಂಡರೆ "ಈ ಕಾಲೇಜು ಇನ್ನೆಷ್ಟು ದಿನ ಇರುತ್ತೋ" ಅಂದುಕೊಂಡು ಎದುರಿನ ಕಾಲೇಜಿಗೆ ನಡೀತಾರೆ. ಇಪ್ಪತ್ತು ಮಕ್ಕಳು ಕಮ್ಮಿಯಾದರೆ ಒಬ್ಬ ಅಧ್ಯಾಪಕರ ವರ್ಷದ ಸಂಬಳದಲ್ಲಿ ದೊಡ್ಡ ಪಾಲು ಹೋಯ್ತು. ಬಣ್ಣ ಬಳಿಯೋದನ್ನು ಶೋಕಿ ಅನ್ನಬೇಡಿ. ಬಿಸಿಎ ಮಕ್ಕಳಿಗೆ ಲ್ಯಾಬ್ ಚೆನ್ನಾಗಿ ಕಾಣದಿದ್ದರೆ ಅವರು ಬರೋದೇ ಇಲ್ಲ.

ಇನ್ನೊಂದು. ಮಂಡಳಿಗೆ ಹೊರೆ ಎಲ್ಲ ದಿಕ್ಕಿನಿಂದ ಬರ್ತಿದೆ. ವಿಶ್ವವಿದ್ಯಾಲಯಕ್ಕೆ ಪ್ರತಿ ವರ್ಷ ಸಂಯೋಜನೆ (ಅಫಿಲಿಯೇಷನ್) ಶುಲ್ಕ ಕಟ್ಟಬೇಕು. ಅದರ ಮೇಲೆ 18% ಜಿಎಸ್‌ಟಿ ಇದೆ ಅಂತ 2024ರ ಸೆಪ್ಟೆಂಬರ್‌ನ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಸ್ಪಷ್ಟ ಮಾಡಿದರು. ನಾವು ಮಕ್ಕಳಿಂದ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ, ಕಟ್ಟಿದ್ದನ್ನು ಹಿಂದಕ್ಕೂ ಪಡೆಯೋ ಹಾಗಿಲ್ಲ. ನೇರ ಜೇಬಿನಿಂದ ಹೋಯ್ತು.

ಪಠ್ಯಕ್ರಮದ ಕಥೆ ಇನ್ನೊಂದು. 2021-22ರಲ್ಲಿ ಎನ್ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಪದವಿ ತಂದರು. 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದರು. ಎರಡೂ ಸಲ ಪುಸ್ತಕ ಬದಲು, ವೇಳಾಪಟ್ಟಿ ಬದಲು. ಎನ್ಇಪಿ ಕಾಲದ ಓಪನ್ ಎಲೆಕ್ಟಿವ್ ಪುಸ್ತಕಗಳು ಲೈಬ್ರರಿಯಲ್ಲಿ ಕಟ್ಟು ಬಿಚ್ಚದೇ ಕೂತಿವೆ.

ಎರಡನೇ_ವರ್ಷ_ಬಿಸಿಎ

ಪ್ರಾಂಶುಪಾಲರಿಗೆ ನಮಸ್ಕಾರ. ಸರ್, ಅಪ್ಪ ಅಮ್ಮ ಗೇಟ್ ನೋಡ್ತಾರೆ ನಿಜ. ಆದರೆ ನಾವು ಊರಿಗೆ ಹೋದಾಗ ತಂಗಿ ಕೇಳೋದು ಗೇಟಿನ ವಿಷಯ ಅಲ್ಲ. "ಅಕ್ಕಾ, ಬಾತ್‌ರೂಮ್ ಹೇಗಿದೆ?" ಅಂತಾಳೆ.

ನಾನು ಬೇರೆ ಕಾಲೇಜಿನವಳು. ನಮ್ಮಲ್ಲಿ ಶೌಚಾಲಯ ಹೊಸದೇ. ಟೈಲ್ಸ್ ಹಾಕಿದ್ದಾರೆ, ಕನ್ನಡಿ ಇದೆ. ಮಧ್ಯಾಹ್ನ ಹನ್ನೆರಡರ ಮೇಲೆ ನೀರು ಇಲ್ಲ. ಟ್ಯಾಂಕ್ ತುಂಬಿಸೋ ಮೋಟಾರ್ ಸ್ವಿಚ್ ಆಫೀಸ್ ಒಳಗಿದೆ, ಅದನ್ನು ಹಾಕೋ ಅಣ್ಣ ಬ್ಯಾಂಕಿಗೆ ಹೋದರೆ ಮುಗೀತು. ಪ್ಯಾಡ್ ಹಾಕೋಕೆ ಮುಚ್ಚಳ ಇರೋ ಒಂದು ಡಬ್ಬಿಯೂ ಇಲ್ಲ, ಕಾಗದದಲ್ಲಿ ಸುತ್ತಿ ಬ್ಯಾಗಲ್ಲಿಟ್ಟು ಮನೆಗೆ ಒಯ್ತೇವೆ. ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯೋದಿಲ್ಲ. ಇದಕ್ಕೆಲ್ಲ ಲಕ್ಷಗಟ್ಟಲೆ ಬೇಡ ಸರ್. ಮೋಟಾರಿಗೆ ಆಟೋಮ್ಯಾಟಿಕ್ ಸ್ವಿಚ್ಚು, ಚಿಲಕ, ಮುಚ್ಚಳದ ಡಬ್ಬಿ, ದಿನಕ್ಕೆ ಎರಡು ಸಲ ತೊಳೆಯೋರು.

ನಿವೃತ್ತ_ಪ್ರಾಂಶುಪಾಲ

ಮಗಳೇ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದು ಬಣ್ಣಕ್ಕಿಂತ ಮೊದಲು ಆಗಬೇಕು.

ಸಿವಿಲ್_ಗುತ್ತಿಗೆದಾರ_ಸಾಗರ

ಮಾರಾಯ್ರೇ, ಎಲ್ಲರೂ ಏನು ಮಾಡಿಸೋದು ಅಂತ ಮಾತಾಡ್ತಿದ್ದೀರಿ. ಯಾವಾಗ ಮಾಡಿಸೋದು ಅಂತ ಯಾರೂ ಕೇಳಲಿಲ್ಲ.

ಮಲೆನಾಡಲ್ಲಿ ಮಾಡಿನ, ಅಂದರೆ ಚಾವಣಿಯ, ಕೆಲಸ ಆಗೋದು ಜನವರಿಯಿಂದ ಮೇ ಮಧ್ಯದವರೆಗೆ. ಆಮೇಲೆ ಮುಂಗಾರಿನ ಮುಂಚಿನ ಮಳೆ ಶುರು. ಕಾಲೇಜಿಗೆ ದುಡ್ಡು ಬರೋದು ಅಡ್ಮಿಷನ್ ಟೈಮಲ್ಲಿ, ಅಂದರೆ ಮೇ ಕೊನೆಯಿಂದ ಜುಲೈ, ಆಗಸ್ಟ್. ಅಂದರೆ ದುಡ್ಡಿರುವಾಗ ಕೆಲಸ ಮಾಡೋಕಾಗಲ್ಲ, ಕೆಲಸ ಮಾಡೋ ಕಾಲದಲ್ಲಿ ದುಡ್ಡಿರಲ್ಲ. ಪ್ರತಿ ವರ್ಷ ಹೀಗೇ. ಜುಲೈನಲ್ಲಿ ಸೋರ್ತದೆ, ಆಗ ಸಭೆ ಮಾಡಿ ಠರಾವು ಬರೀತಾರೆ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಮರೀತಾರೆ. ಜನವರಿಗೆ ದುಡ್ಡು ಸಂಬಳಕ್ಕೆ ಹೋಗಿರ್ತದೆ. ನಿಮ್ಮ ಸಂಘದ ಹತ್ತಿರ ಈಗ ಕೈಯಲ್ಲಿ ದುಡ್ಡಿದೆ ಅಲ್ವಾ, ಅದೇ ದೊಡ್ಡ ಭಾಗ್ಯ. ಈಗಲೇ ಮಾಡು ಮುಟ್ಟಿ.

ಹಂಚಿನ ಮಾಡು ಅಂದಿರಿ. ತೆಗೆದು ಆರ್‌ಸಿಸಿ ಹಾಕಿಸಬೇಕು ಅಂತ ಯಾರಾದರೂ ಇಂಜಿನಿಯರ್ ಹೇಳಿದರೆ ತಕ್ಷಣ ಒಪ್ಪಬೇಡಿ. ಹಳೇ ಗೋಡೆ ಮಣ್ಣಿಂದೋ ಜಂಬಿಟ್ಟಿಗೆಯದೋ ನೋಡಬೇಕು, ಸ್ಲ್ಯಾಬಿನ ಭಾರ ಎಲ್ಲದಕ್ಕೂ ತಡೆಯೋದಿಲ್ಲ. ಸಾಮಾನ್ಯವಾಗಿ ಸೋರೋದು ಹಂಚಿನಿಂದ ಅಲ್ಲ. ಗೆದ್ದಲು ತಿಂದು, ಹಂಚು ಕೂರೋ ಮರದ ಪಟ್ಟಿ, ಅಂದರೆ ರೀಪು, ಬಾಗಿರ್ತದೆ, ಆಗ ಹಂಚು ಜಾರಿ ಸಂದು ಬಿಡ್ತದೆ. ಇನ್ನೊಂದು ಜಾಗ ಎರಡು ಮಾಡು ಸೇರೋ ಕಣಿವೆ. ಅಲ್ಲಿನ ತಗಡು ತುಕ್ಕು ಹಿಡಿದು ತೂತು ಬಿದ್ದಿರ್ತದೆ, ತರಗೆಲೆ ಕಟ್ಟಿಕೊಂಡು ನೀರು ಹಿಂದಕ್ಕೆ ನುಗ್ತದೆ. ಹಂಚು ಇಳಿಸಿ, ರೀಪಿನ ಕೆಳಗಿರೋ ಮರದ ಪಕಾಸು ಒಂದೊಂದನ್ನೂ ಸುತ್ತಿಗೆಯಿಂದ ಬಡಿದು ನೋಡಿ. ಟೊಳ್ಳು ಸದ್ದು ಬಂದಿದ್ದನ್ನು ಮಾತ್ರ ಬದಲಿಸಿ. ರೀಪು ಪೂರ್ತಿ ಹೊಸದು, ಕಣಿವೆಗೆ ಹೊಸ ತಗಡು, ಅದೇ ಹಂಚು ತೊಳೆದು ವಾಪಸ್. ಒಡೆದದ್ದಕ್ಕೆ ಅದೇ ಅಚ್ಚಿನ ಹಳೇ ಹಂಚು ಹುಡುಕಿ. ಬೇರೆ ಕಂಪನಿ ಹಂಚು ಸೇರಿಸಿದರೆ ಕಚ್ಚು ಕೂರೋದಿಲ್ಲ, ಮತ್ತೆ ಸೋರ್ತದೆ. ಆಮೇಲೆ ಪ್ರತಿ ಮೇ ತಿಂಗಳು ಇಬ್ಬರು ಹತ್ತಿ ಕೈಯಾಡಿಸಿದರೆ ಸಾಕು.

ಇನ್ನು ಸಿಮೆಂಟ್ ಕೆಲಸ ಇದ್ದರೆ ಇದೇ ಹೊತ್ತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ದರ ಹಾಕಿ ಕೊಟೇಶನ್ ಕೊಟ್ಟರೆ ಕೇಳಿ.

ಲ್ಯಾಬ್_ಅಟೆಂಡರ್

ಗುತ್ತಿಗೆದಾರರು ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಹಳೇ ಹೆಡ್ ಅಟೆಂಡರ್ ಇರುವಾಗ ಪ್ರತಿ ಮೇ ತಿಂಗಳು ಅವರೇ ಏಣಿ ಹಾಕಿ ಹತ್ತುತ್ತಿದ್ದರು. ಅವರು ನಿವೃತ್ತರಾದರು, ಆ ಹುದ್ದೆ ಹಾಗೇ ಖಾಲಿ. ಈಗ ಹೊರಗುತ್ತಿಗೆಯಲ್ಲಿ ಬಂದ ಹುಡುಗನ ಕೆಲಸದ ಪಟ್ಟಿಯಲ್ಲಿ ಮಾಡು ಹತ್ತೋದು ಇಲ್ಲ. ಅವನಿಗೆ ಹತ್ತು ಅಂತ ಹೇಳೋದೂ ತಪ್ಪು, ಬಿದ್ದರೆ ಯಾರು ಹೊಣೆ?

ಸ್ಮಾರ್ಟ್ ಕ್ಲಾಸ್ ಬಗ್ಗೆ ಒಂದು ಮಾತು. ನಮ್ಮ ಸೆಮಿನಾರ್ ಹಾಲ್‌ನಲ್ಲಿ ಪ್ರೊಜೆಕ್ಟರ್ ನೇತಾಡ್ತಿದೆ. ರೆಕ್ಸಿನ್ ಕವರ್ ಹಾಕಿ ಕಟ್ಟಿದ್ದಾರೆ. ಲ್ಯಾಂಪ್ ಹೋಗಿ ಕಾಲ ಆಯ್ತು. ಕೊಂಡ ವರ್ಷ ಉದ್ಘಾಟನೆ ಆಯ್ತು, ಫೋಟೋ ಪೇಪರಲ್ಲಿ ಬಂತು. ಲ್ಯಾಂಪಿಗೆ ಮಾತ್ರ ಯಾವ ಬಜೆಟ್ಟಲ್ಲೂ ಕಾಲಂ ಇಲ್ಲ.

ಗೆಸ್ಟ್_ಲೆಕ್ಚರರ್_ಹಾವೇರಿ

ಎಲ್ಲರೂ ಗೋಡೆ, ಮಾಡು, ನಲ್ಲಿ ಅಂತಿದ್ದೀರಿ. ಪಾಠ ಮಾಡೋರು?

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಿಗೆ 2022ರ ಜನವರಿ ತನಕ ತಿಂಗಳಿಗೆ 11 ರಿಂದ 13 ಸಾವಿರ ಇತ್ತು. ಹೋರಾಟ ಮಾಡಿದ ಮೇಲೆ ಅರ್ಹತೆ, ಸೇವಾವಧಿ ನೋಡಿ 26 ರಿಂದ 32 ಸಾವಿರ ಮಾಡಿದರು. ಜತೆಗೆ ವಾರದ ಪಾಠದ ಗಂಟೆ ಜಾಸ್ತಿ ಮಾಡಿದ್ದರಿಂದ ಎಷ್ಟೋ ಜನ ಹೊರಗೂ ಬಿದ್ದರು. ಅದು ಸರ್ಕಾರಿ ಕಾಲೇಜು. ಅನುದಾನಿತ ಕಾಲೇಜಲ್ಲಿ ಮಂಡಳಿ ಸಂಬಳದಲ್ಲಿ ದುಡಿಯೋರ ಪಾಡು ಕೇಳೋರಿಲ್ಲ. ನನ್ನ ಗೆಳೆಯ ಒಬ್ಬ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸು ಮಾಡಿದವನು. ರಜೆ ತಿಂಗಳ ಸಂಬಳ ಇಲ್ಲ. ಏಪ್ರಿಲ್, ಮೇನಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾನೆ.

ಸಂಘದವರು ಕಟ್ಟಡಕ್ಕೆ ಲಕ್ಷ ಕೊಡ್ತೀರಿ, ಮೇಷ್ಟ್ರಿಗೆ ಯಾಕೆ ಕೊಡಲ್ಲ ಅನ್ನೋದು ನನ್ನ ಪ್ರಶ್ನೆ.

ಮಲೆನಾಡು_ಹಳೇವಿದ್ಯಾರ್ಥಿ

ಹಾವೇರಿ ಸರ್, ನ್ಯಾಯವಾದ ಪ್ರಶ್ನೆ. ಆದರೆ 8 ಲಕ್ಷ ಸಂಬಳಕ್ಕೆ ಹಾಕಿದರೆ ಒಂದು ವರ್ಷದಲ್ಲಿ ಕರಗಿ ಹೋಗುತ್ತೆ. ಮರುವರ್ಷ ಅವರಿಗೆ ಏನು ಹೇಳೋದು? ಸಂಬಳ ಮಂಡಳಿಯ ಜವಾಬ್ದಾರಿ, ಅದನ್ನು ನಾವು ಹೊತ್ತುಕೊಂಡರೆ ಅವರು ಪೂರ್ತಿ ಕೈಬಿಡ್ತಾರೆ ಅನ್ನೋ ಭಯವೂ ಇದೆ. ಕಮಾನಿನ ದುಡ್ಡು ಉಳಿದರೆ ಅದರಲ್ಲಿ ರಜೆ ತಿಂಗಳ ಸಂಬಳ ಕೊಡಿ ಅಂತ ಸಭೆಯಲ್ಲಿ ಕೇಳ್ತೇನೆ. ಅದು ನನ್ನ ಕೈಲಾಗುವ ಮಾತು.

ಸಿಎ_ಹುಬ್ಬಳ್ಳಿ

8 ಲಕ್ಷ ಪೂರ್ತಿ ಖರ್ಚು ಮಾಡಬೇಡಿ. ಒಂದು ಭಾಗ ಇಡುಗಂಟು ಮಾಡಿ.

ಲೆಕ್ಕ ನೋಡಿ. 4 ಲಕ್ಷ ಎಫ್‌ಡಿ ಇಟ್ಟರೆ 7% ಬಡ್ಡಿ ಅಂದುಕೊಂಡರೂ ವರ್ಷಕ್ಕೆ 28,000. ತಿಂಗಳಿಗೆ ಎರಡು ಸಾವಿರದ ಮೇಲೆ. ಇದರಲ್ಲಿ ಪೂರ್ತಿ ಸಂಬಳ ಬರಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್ ತಿಂಗಳಿಗೊಂದು ಸಲ ಬಂದು ಹೋಗೋದಕ್ಕೆ, ಮೇ ತಿಂಗಳ ಹಂಚಿನ ಕೆಲಸಕ್ಕೆ ಸಾಕು. ದಾನಿಗಳು ಕೊಡುವಾಗಲೇ "ಇದು ಮೂಲನಿಧಿಗೆ" ಅಂತ ಬರೆದುಕೊಟ್ಟಿರಬೇಕು. ಇಲ್ಲದಿದ್ದರೆ ಮುಂದೆ ಬಂದ ಪದಾಧಿಕಾರಿ ಎಫ್‌ಡಿ ಮುರಿದು ಕಮಾನು ಕಟ್ಟಿಸಿಬಿಡ್ತಾರೆ.

ಇನ್ನು ದೇಣಿಗೆ ಎತ್ತೋ ಹೊತ್ತಲ್ಲಿ ಜನ ತಪ್ಪೋ ಜಾಗಗಳು. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದೆ ಅಂದಮಾತ್ರಕ್ಕೆ ದಾನಿಗಳಿಗೆ ತೆರಿಗೆ ವಿನಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯ 80ಜಿ) ಸಿಗಲ್ಲ. ಅದಕ್ಕೆ ಆದಾಯ ತೆರಿಗೆಯವರ ಬೇರೆ ನೋಂದಣಿ ಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ವರ್ಷ ಮುಗಿದ ಮೇಲೆ ಮೇ 31ರೊಳಗೆ ದೇಣಿಗೆಗಳ ವಿವರ ಇಲಾಖೆಗೆ ಸಲ್ಲಿಸಿ ದಾನಿಗಳಿಗೆ ಪ್ರಮಾಣಪತ್ರ ಕೊಡಬೇಕು, ಎಷ್ಟೋ ಸಂಘಗಳು ಇದನ್ನೇ ಮರೀತವೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ಲಾಭವೇ ಇಲ್ಲ. ಹಾಗಾಗಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಹತ್ತಿರ "ಟ್ಯಾಕ್ಸ್ ಉಳಿಯುತ್ತೆ" ಅಂತ ಕೇಳೋಕೆ ಹೋಗಬೇಡಿ, ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕಾಲೇಜಿನ ಮೇಲಿನ ಪ್ರೀತಿಗೆ ಕೇಳಿ.

ಹ್ಯೂಸ್ಟನ್_ಕನ್ನಡಿಗ

ನಾನೂ ಮಲೆನಾಡಿನ ಕಾಲೇಜಲ್ಲಿ ಓದಿದವನು. ನಮ್ಮ ಬ್ಯಾಚಿನ ಏಳೆಂಟು ಜನ ಇಲ್ಲಿದ್ದೇವೆ. ಸೇರಿಸಿ ಕಳಿಸೋಣ ಅಂದರೆ ಅಲ್ಲಿನ ಸಂಘದವರು "ಕಳಿಸಬೇಡಿ, ತೊಂದರೆ ಆಗುತ್ತೆ" ಅಂದರು. ದುಡ್ಡು ಬೇಡ ಅನ್ನೋ ಸಂಘ ಮೊದಲ ಸಲ ನೋಡಿದ್ದು. ಏನು ತೊಂದರೆ?

ಸಿಎ_ಹುಬ್ಬಳ್ಳಿ

ಅವರು ಹೇಳಿದ್ದು ಸರಿ ಇದೆ ಸರ್. ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನೋದರ ಮೇಲೆ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರೋ ಎನ್ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಮೆರಿಕದ ಪೌರತ್ವ ತಗೊಂಡವರು ಕೊಟ್ಟರೆ, ಸಾಗರೋತ್ತರ ಭಾರತೀಯ ಅನ್ನೋ ಒಸಿಐ ಕಾರ್ಡ್ ಇದ್ದರೂ ಸರಿಯೇ, ಅದು ವಿದೇಶಿ ದೇಣಿಗೆ. ಅದನ್ನು ಪಡೆಯೋಕೆ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐ ದೆಹಲಿ ಮುಖ್ಯ ಶಾಖೆಯ ಖಾತೆಗೇ. ತಾಲೂಕಿನ ಸಣ್ಣ ಸಂಘಕ್ಕೆ ಇದೆಲ್ಲ ದೊಡ್ಡ ತಲೆನೋವು. ನಿಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇರೋರು ತಮ್ಮ ದುಡ್ಡು ತಾವು ಕಳಿಸಲಿ. ಎಲ್ಲರದ್ದನ್ನೂ ಒಬ್ಬರ ಖಾತೆಗೆ ಹಾಕಿ ಕಳಿಸೋ ಜಾಣತನ ಬೇಡ.

ಹ್ಯೂಸ್ಟನ್_ಕನ್ನಡಿಗ

ಅದನ್ನೇ ಮಾಡೋಣ ಅಂತಿದ್ದೆ. ಬಿಟ್ಟೆ.

ಎಲೆಕ್ಟ್ರಿಕಲ್_ಡಿಪ್ಲೊಮಾ

ಕರೆಂಟ್ ಬಿಲ್ ಯಾರೂ ಮುಟ್ಟಲಿಲ್ಲ. ಖಜಾಂಚಿಯವರೇ, ಮೆಸ್ಕಾಂ ಬಿಲ್ ಒಂದು ತಗೊಂಡು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ನಿಗದಿ ಶುಲ್ಕ ಬೀಳೋದು ಅದರ ಮೇಲೆ, ನೀವು ಉರಿಸಿದ್ದರ ಮೇಲಲ್ಲ. ಹಿಂದೆಂದೋ ಹಾಸ್ಟೆಲ್‌ಗೋ ಲ್ಯಾಬಿಗೋ ಅಂತ ಜಾಸ್ತಿ ಲೋಡ್ ತಗೊಂಡು, ಈಗ ಅದು ಬಳಕೆಯಲ್ಲಿ ಇಲ್ಲದಿದ್ದರೂ ತಿಂಗಳು ತಿಂಗಳು ಕಟ್ಟುತ್ತಿರೋ ಸಂಸ್ಥೆಗಳು ಬೇಕಾದಷ್ಟಿವೆ. ಅರ್ಜಿ ಕೊಟ್ಟು ಇಳಿಸಬಹುದು. ಇದಕ್ಕೆ ದಾನಿ ಬೇಡ, ಠರಾವು ಬೇಡ.

ಹಳೇ ಫ್ಯಾನ್ ಬದಲಿಸಿ ಅಂತ ಎಲ್ಲರೂ ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ಹಳೇ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟ್ ತಿನ್ನೋ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30. ಒಂದಕ್ಕೆ 45 ವ್ಯಾಟ್ ಉಳಿತಾಯ. 100 ಫ್ಯಾನು, ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ ಅಂದರೆ 5,400 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 43,200 ರೂಪಾಯಿ. ಫ್ಯಾನಿಗೆ 3,000 ಅಂದರೂ 3 ಲಕ್ಷ ಖರ್ಚು, ವಾಪಸ್ ಬರೋಕೆ ಏಳು ವರ್ಷ. ಮಲೆನಾಡಲ್ಲಿ ಮಳೆಗಾಲ ಪೂರ್ತಿ ಫ್ಯಾನೇ ಹಾಕಲ್ಲ, ಇನ್ನೂ ತಡ. ಕೆಟ್ಟ ಫ್ಯಾನಿನ ಜಾಗಕ್ಕೆ ಮಾತ್ರ ಹೊಸದು ಹಾಕಿ. ಕಂಪ್ಯೂಟರ್ ಲ್ಯಾಬಿನ ಅರ್ಥಿಂಗ್ ಮತ್ತು ಯುಪಿಎಸ್ ಬ್ಯಾಟರಿ ಅದಕ್ಕಿಂತ ಮೊದಲು ನೋಡಿ. ಸಿಡಿಲಿನ ಕಾಲದಲ್ಲಿ ಒಂದು ಸಲ ಸ್ವಿಚ್ಚು, ರೂಟರು ಎಲ್ಲ ಸುಟ್ಟರೆ ಬಿಸಿಎ ಲ್ಯಾಬ್ ತಿಂಗಳಾನುಗಟ್ಟಲೆ ಮಲಗುತ್ತೆ.

ಲೈಬ್ರೇರಿಯನ್_ಅಕ್ಕ

ಲೈಬ್ರರಿ ಮಾಡು ಅಂತ ಓದಿ ಇಣುಕಿದೆ. ಮಾಡಿನ ಕೆಲಸಕ್ಕೆ ಮುಂಚೆ ಪುಸ್ತಕ ಸ್ಥಳಾಂತರಕ್ಕೆ ಜಾಗ ಗೊತ್ತು ಮಾಡಿಕೊಳ್ಳಿ. ಹಂಚು ಇಳಿಸಿದಾಗ ಬೀಳೋ ಧೂಳು, ಇಲಿ ಗೂಡು, ಬಾವಲಿ ಹಿಕ್ಕೆ ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತೆ. ಒದ್ದೆಯಾಗಿ ಅಂಟಿಕೊಂಡ ಪುಸ್ತಕವನ್ನು ಬಿಸಿಲಿಗೆ ಇಡಬೇಡಿ, ರಟ್ಟು ಸೊಟ್ಟಗಾಗುತ್ತೆ. ನೆರಳಲ್ಲಿ ಗಾಳಿಗೆ ಬಿಡಿಸಿ ನಿಲ್ಲಿಸಿ.

ಹೊಸ ಪುಸ್ತಕಕ್ಕೆ ದುಡ್ಡಿಲ್ಲ ಅಂತ ಕೊರಗೋರು ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಅನ್ನೋ ಆನ್‌ಲೈನ್ ಲೈಬ್ರರಿ ಚಂದಾ ಇದೆಯಾ ವಿಚಾರಿಸಿ. ಸಣ್ಣ ಶುಲ್ಕಕ್ಕೆ ಇ-ಪುಸ್ತಕ, ಜರ್ನಲ್ ರಾಶಿ ಸಿಗುತ್ತೆ. ಸರ್ಕಾರಿ ಸಂಸ್ಥೆಗಳಿಗಂತೂ 2025ರ ಜನವರಿಯಿಂದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸುಮಾರು 13,000 ಜರ್ನಲ್ ತೆರೆದಿದ್ದಾರೆ. ಬಿಕಾಂ ಮಗುವಿಗೆ ಜರ್ನಲ್ ಯಾಕೆ ಅನ್ನಬಹುದು. ಸರಿ, ಆದರೆ ಎಂಕಾಂ ಇದ್ದರೆ ಬೇಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಮಾತ್ರ ಅಲ್ಲಿ ಏನೂ ಇಲ್ಲ, ಅವರಿಗೆ ಕಾಗದದ ಪುಸ್ತಕವೇ ಗತಿ. ಇರೋ ಚೂರು ಪುಸ್ತಕದ ಬಜೆಟ್ಟನ್ನು ಪೂರ್ತಿ ಅವರಿಗೇ ಇಡಿ ಅಂತ ನನ್ನ ಒತ್ತಾಯ.

ಬಿಕಾಂ_ಮೇಷ್ಟ್ರು

ಸಭೆಯಲ್ಲಿ ಬಳಸೋಕೆ ಒಂದು ಅಸ್ತ್ರ ಕೊಡ್ತೇನೆ. ಕಾಲೇಜಿನ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಸಂಸ್ಥೆ ನ್ಯಾಕ್. ಮಂಡಳಿಯವರು "ನ್ಯಾಕ್ ಬರ್ತಿದೆ, ಅದಕ್ಕೆ ಕಮಾನು, ಸ್ಮಾರ್ಟ್ ಕ್ಲಾಸ್" ಅಂದೇ ಅಂತಾರೆ. ಮಾನ್ಯತೆ ಪಡೆದ ಕಾಲೇಜುಗಳು ನೋಡ್ತಾ ಬಂದಿರೋ ನ್ಯಾಕ್ ಕೈಪಿಡಿಯ ಏಳು ಮಾನದಂಡದಲ್ಲಿ ನಾಲ್ಕನೆಯದು ಮೂಲಸೌಕರ್ಯ. ಅದರೊಳಗೆ ಕಟ್ಟಡ, ಲೈಬ್ರರಿ, ಐಟಿ ಆದಮೇಲೆ ನಾಲ್ಕನೇ ಭಾಗ ಪೂರ್ತಿ ನಿರ್ವಹಣೆಯದ್ದೇ. ಸಂಬಳ ಬಿಟ್ಟು ನಿರ್ವಹಣೆಗೆ ಎಷ್ಟು ಶೇಕಡಾ ಖರ್ಚು ಮಾಡಿದಿರಿ ಅಂತ ಐದು ವರ್ಷದ ಲೆಕ್ಕ ಕೇಳ್ತಾರೆ. ಚಿಲಕಕ್ಕೂ ರೀಪಿಗೂ ಬಿಲ್ಲು ಇಟ್ಟುಕೊಂಡರೆ ಅದೂ ಅಂಕವೇ. ಕಮಾನಿಗೆ ಅಂಕ ಕೊಡೋ ಕಾಲಂ ನಾನಂತೂ ಕಂಡಿಲ್ಲ.

ನಿವೃತ್ತ_ಪ್ರಾಂಶುಪಾಲ

ನಿರ್ವಹಣೆ ಬಿಟ್ಟರೆ ಏನಾಗುತ್ತೆ ಅಂತ ಕೇಳೋರಿಗೆ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜು ನೆನಪು ಮಾಡಿ. 2022ರ ಅಕ್ಟೋಬರ್‌ನಲ್ಲಿ ಮಳೆಗೆ ಆ ಪಾರಂಪರಿಕ ಕಟ್ಟಡದ ಒಂದು ಭಾಗವೇ ಕುಸಿಯಿತು. ಕೆಮಿಸ್ಟ್ರಿ ಲ್ಯಾಬ್ ಇದ್ದ ಭಾಗ. ಪುಣ್ಯಕ್ಕೆ ಮಕ್ಕಳು ಒಳಗಿರಲಿಲ್ಲ. ಕಟ್ಟಡಕ್ಕೆ ವಯಸ್ಸಾಗಿದೆ ಅಂತ ಎಲ್ಲರಿಗೂ ಗೊತ್ತಿದ್ದದ್ದೇ.

ಇನ್ನು ದಾನಿಗಳ ಹೆಸರು ಕೆತ್ತಿಸೋದನ್ನು ಅಷ್ಟು ಹಗುರ ಮಾಡಬೇಡಿ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರು ಸೇರಿ ಕೆಎಲ್ಇ ಸಂಸ್ಥೆ ಕಟ್ಟಿದರು. ಅವರ ಮೊದಲ ಕಾಲೇಜು 1933ರದ್ದು, ಅದಕ್ಕೆ ಶಿರಸಂಗಿ ಲಿಂಗರಾಜರ ಹೆಸರು. ಹೆಸರು ಉಳೀಲಿ ಅನ್ನೋ ಆಸೆಯಿಂದಲೇ ಎಷ್ಟೋ ಕಾಲೇಜು ಎದ್ದಿವೆ. ಆ ಆಸೆಯನ್ನು ಬಳಸಿಕೊಳ್ಳಿ. ಕಮಾನು ಕೊಡ್ತೇನೆ ಅಂತ ಬಂದವರಿಗೆ, "ಕಮಾನಿಗೆ ಎಷ್ಟೋ ಅಷ್ಟೇ ಇಡುಗಂಟು ನಿಮ್ಮ ತಂದೆ ಹೆಸರಲ್ಲಿ ಇಡಿ, ಎರಡಕ್ಕೂ ಕಲ್ಲು ಹಾಕಿಸ್ತೇವೆ" ಅನ್ನಿ. ನಾನು ಇದನ್ನು ಮಾಡಿಸಿದ್ದೇನೆ, ಎಲ್ಲರೂ ಒಪ್ಪಲಿಲ್ಲ, ಕೆಲವರು ಖುಷಿಯಿಂದ ಒಪ್ಪಿದರು.

ಮಲೆನಾಡು_ಹಳೇವಿದ್ಯಾರ್ಥಿ

ಸಭೆ ಮುಗೀತು. ಏನಾಯ್ತು ಅಂತ ಹೇಳ್ತೇನೆ.

ಲೋಡ್ ವಿಷಯದಿಂದ ಶುರು ಮಾಡಿದೆ, ಅದು ಯಾರಿಗೂ ನೋವಾಗದ ವಿಷಯ. ಬಿಲ್ ತರಿಸಿ ನೋಡಿದರೆ ನಿಜವಾಗಲೂ ಹಳೇ ಹಾಸ್ಟೆಲ್ ಮೆಸ್ಸಿನ ಲೋಡ್ ಹಾಗೇ ಇದೆ. ಹಾಸ್ಟೆಲ್ ಮುಚ್ಚಿ ಎಷ್ಟೋ ವರ್ಷ ಆಗಿದೆ! ಅಧ್ಯಕ್ಷರು ಗುಮಾಸ್ತರನ್ನು ಒಂದು ನೋಟ ನೋಡಿದರು, ಗುಮಾಸ್ತರು ಫೈಲು ನೋಡಿದರು. ಅರ್ಜಿ ಹೋಗ್ತಿದೆ.

ಲೈಬ್ರರಿ ಮಾಡಿಗೆ ಸಂಘದಿಂದ 3 ಲಕ್ಷದವರೆಗೆ. ಹಂಚು ಉಳಿಸಿಕೊಂಡೇ, ಮೇ ಹತ್ತರೊಳಗೆ ಮುಗಿಸಬೇಕು. ಶೌಚಾಲಯಕ್ಕೆ 1 ಲಕ್ಷ. ಮುರಿದ ಡೆಸ್ಕು ಹರಾಜು ಹಾಕಿ ಆ ಕೋಣೆ ಬಿಡಿಸಿಕೊಳ್ಳೋದು, ಚಿಲಕ, ಮುಚ್ಚಳದ ಡಬ್ಬಿ, ಮೋಟಾರಿಗೆ ಆಟೋಮ್ಯಾಟಿಕ್ ಸ್ವಿಚ್ಚು. ಬಿಸಿಎ ತಂಗಿ ಬರೆದದ್ದನ್ನು ಫೋನಿಂದ ಹಾಗೇ ಓದಿದೆ. ಯಾರೂ ಎದುರಾಡಲಿಲ್ಲ. ಎರಡು ಹೊತ್ತು ತೊಳೆಯೋರ ಸಂಬಳ ಮಂಡಳಿಯದ್ದು ಅಂತ ನಡಾವಳಿಯಲ್ಲಿ ಬರೆಸಿದ್ದೇನೆ. ಬಾಕಿ 4 ಲಕ್ಷ ಇಡುಗಂಟು. ಬಡ್ಡಿ ರಿಪೇರಿಗೆ ಮಾತ್ರ.

ಸ್ಮಾರ್ಟ್ ಕ್ಲಾಸ್ ಎರಡರ ಬದಲು ಒಂದು, ಅದೂ ಮಂಡಳಿ ದುಡ್ಡಲ್ಲಿ, ಮೂರು ವರ್ಷದ ನಿರ್ವಹಣಾ ಒಪ್ಪಂದ ಸೇರಿಸಿ ಕೊಟೇಶನ್ ತರಿಸೋದು ಅಂತಾಯ್ತು. ಬಣ್ಣ ಆಗ್ತದೆ. ಪ್ರಾಂಶುಪಾಲರೇ, ಅದನ್ನು ನಾನು ವಿರೋಧಿಸಲಿಲ್ಲ.

ಕಮಾನಿನ ಯೋಜನೆ ಮಾತ್ರ ಕೈಬಿಟ್ಟಿಲ್ಲ. ಒಬ್ಬ ಅಡಿಕೆ ವ್ಯಾಪಾರಿ ಪೂರ್ತಿ ತಮ್ಮ ಖರ್ಚಲ್ಲಿ ಕಟ್ಟಿಸ್ತೇನೆ ಅಂದಿದ್ದಾರೆ. ಅಷ್ಟೇ ಇಡುಗಂಟಿನ ಮಾತು ತೆಗೆದಾಗ "ನೋಡೋಣ" ಅಂದರು. ನಮ್ಮ ಕಡೆ ನೋಡೋಣ ಅಂದರೆ ಏನು ಅಂತ ನಿಮಗೂ ಗೊತ್ತು.

ಗೆಸ್ಟ್_ಲೆಕ್ಚರರ್_ಹಾವೇರಿ

ರಜೆ ಸಂಬಳದ ವಿಷಯ?

ಮಲೆನಾಡು_ಹಳೇವಿದ್ಯಾರ್ಥಿ

ಎತ್ತಿದೆ ಸರ್. ಕಮಾನಿನ ದುಡ್ಡು ಉಳಿದಿದೆಯಲ್ಲ ಅಂತ ಕೇಳಿದೆ. "ಆ ದುಡ್ಡು ಮೊದಲೂ ಇರಲಿಲ್ಲ, ನಿಮ್ಮಿಂದ ಬರಬೇಕಿತ್ತು" ಅಂದರು ಅಧ್ಯಕ್ಷರು. ಅದೂ ನಿಜವೇ. ಏಪ್ರಿಲ್‌ನಲ್ಲಿ ಪರೀಕ್ಷಾ ಕೆಲಸ, ಅಡ್ಮಿಷನ್ ಕೆಲಸ ಹಂಚಿಕೊಟ್ಟು ಆ ತಿಂಗಳಿಗೆ ಅರ್ಧ ಸಂಬಳ ಕೊಡೋಣ ಅನ್ನೋವರೆಗೆ ಬಂದರು. ಮೇ ತಿಂಗಳಿಗೆ ಒಪ್ಪಲಿಲ್ಲ.

ಗೆಸ್ಟ್_ಲೆಕ್ಚರರ್_ಹಾವೇರಿ

ಅರ್ಧ ಸಂಬಳಕ್ಕೆ ಪೂರ್ತಿ ಅಡ್ಮಿಷನ್ ಕೆಲಸ. ಲೆಕ್ಕ ಚೆನ್ನಾಗಿದೆ. ಆದರೂ ಕೇಳಿದಿರಲ್ಲ, ಅದಕ್ಕೆ ಥ್ಯಾಂಕ್ಸ್. ಆ ಅರ್ಧವನ್ನಾದರೂ ನಡಾವಳಿಯಲ್ಲಿ ಬರೆಸಿದಿರಾ, ಬಾಯಿಮಾತಾ?

ಮಲೆನಾಡು_ಹಳೇವಿದ್ಯಾರ್ಥಿ

ಬಾಯಿಮಾತು. ನಡಾವಳಿ ಇನ್ನೂ ಸಹಿಗೆ ಬಂದಿಲ್ಲ. ನಾಳೆ ಆಫೀಸಿಗೆ ಹೋಗಿ ಸೇರಿಸಿ ಅಂತ ಕೇಳ್ತೇನೆ.

ಸಿವಿಲ್_ಗುತ್ತಿಗೆದಾರ_ಸಾಗರ

ಹೋದಾಗ ಹಳೇ ಹಂಚು ಒಂದು ತೆಗೆಸಿ ಹಿಂಭಾಗದ ಫೋಟೋ ಹಾಕಿ ಮಾರಾಯ್ರೇ. ಕಂಪನಿ ಹೆಸರು ಅಲ್ಲಿ ಅಚ್ಚಾಗಿರ್ತದೆ. ಅದೇ ಅಚ್ಚಿನದು ಬೇಕಲ್ಲ, ಈಗಲೇ ಹುಡುಕೋಕೆ ಶುರು ಮಾಡಬೇಕು. ಹಳೇ ಮನೆ ಕೆಡವೋರು ಮಾರ್ಚ್‌ನಲ್ಲೇ ಮಾರ್ತಾರೆ.